ಉಳ್ಳಾಗಡ್ಡಿ ಸಿಪ್ಪೆಯಂಥ ಜರ್ಕಿನ್

ಬಳ್ಳಾರಿಯಲ್ಲಿ ನನ್ನ ಸೋದರಮಾವ ಜೀನ್ಸ್ ಪ್ಯಾಂಟ್ ಹೊಲಿಯುತ್ತಾರೆ. ಮೂವತ್ತು ವರ್ಷದಿಂದ ಅದೇ ಕೆಲಸ. ಹೋದ ಡಿಸೆಂಬರ್‌ನಲ್ಲಿ ನನ್ನ ಜರ್ಕಿನ್ ತೋಳು ಹರಿದಾಗ ಅವರ ಹತ್ತಿರವೇ ತಗೊಂಡು ಹೋದೆ. ಮಾವ ಅದನ್ನು ಎರಡು ಬೆರಳಲ್ಲಿ ಹಿಡಿದು ಟ್ಯೂಬ್‌ಲೈಟಿನ ಕಡೆಗೆ ಎತ್ತಿದರು. ಬಟ್ಟೆಯ ಹಿಂದಿದ್ದ ಅವರ ಬೆರಳು ಕಾಣಿಸ್ತಿತ್ತು.

"ಇದೇನಪ್ಪಾ ಅಳಿಯಾ, ಉಳ್ಳಾಗಡ್ಡಿ ಸಿಪ್ಪಿ ಇದ್ದಂಗೈತಲ್ಲ! ಇದನ್ನ ಹಾಕ್ಕಂಡು ಕಲ್ಲು ಹತ್ತತೀಯಾ?"

ಹೌದು ಮಾವ, ಇದನ್ನೇ ಹಾಕಿಕೊಂಡು ಓಡ್ತೀನಿ, ಇದನ್ನೇ ಹಾಕಿಕೊಂಡು ಬಂಡೆ ಹತ್ತೋಕೆ ಹೋಗ್ತೀನಿ ಅಂದೆ. ಮಾವನ ಮುಂದಿನ ಪ್ರಶ್ನೆ ನಾನು ನಾಲ್ಕು ವರ್ಷದಿಂದ ಎಲ್ಲರ ಬಾಯಲ್ಲೂ ಕೇಳ್ತಾ ಬಂದದ್ದು. ಈ ಬಿಸಿಲು ಸೀಮೆಯಲ್ಲಿ ನಿನಗೆ ಜರ್ಕಿನ್ ಯಾಕೆ?

ಅವತ್ತು ಮಾವನಿಗೆ ಅರ್ಧ ಉತ್ತರ ಕೊಟ್ಟು ಬಂದೆ. ಪೂರ್ತಿ ಉತ್ತರ ಇಲ್ಲಿ ಬರೀತಾ ಇದ್ದೀನಿ.

ನಾನಿರೋದು ಕೊಪ್ಪಳದಲ್ಲಿ. ಬೆಳಿಗ್ಗೆ ಓಡ್ತೀನಿ. ಭಾನುವಾರ ಗೆಳೆಯರ ಜೊತೆ ಆನೆಗೊಂದಿ, ಸಾಣಾಪುರದ ಕಡೆ ಬಂಡೆ ಹತ್ತೋಕೆ ಹೋಗ್ತೀನಿ. ನಮ್ಮ ಕಡೆ ಬೇಸಿಗೆ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಐದೂವರೆಗೆ ಹೊರಗೆ ಬಂದು ನೋಡಿ. 15 ಡಿಗ್ರಿ ಆಸುಪಾಸು ಇರುತ್ತೆ. ನಿಂತಿದ್ದರೆ ಹಿತವಾದ ಚಳಿ. ಓಡ್ತಾ ಇದ್ದರೆ ಚಳಿಯೇ ಇಲ್ಲ. ತೊಂದರೆ ಶುರುವಾಗೋದು ಓಡಿ ನಿಂತ ಮೇಲೆ.

ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಜನ ಬರೋ ಮೊದಲು ಅದನ್ನು ಒಂದೇ ಉಸಿರಿನಲ್ಲಿ ಹತ್ತಿಬಿಡೋದು ನಮ್ಮ ಹಳೇ ಚಟ. ಅರ್ಧ ಹತ್ತುವಷ್ಟರಲ್ಲಿ ಬನಿಯನ್ ಬೆನ್ನಿಗೆ ಅಂಟಿರುತ್ತೆ. ಮೇಲೆ ಹೋಗಿ ನಿಂತರೆ ಕೆಳಗೆ ತುಂಗಭದ್ರೆ, ಭತ್ತದ ಗದ್ದೆ, ಆಚೆ ದಡದಲ್ಲಿ ವಿರೂಪಾಕ್ಷನ ಗೋಪುರ. ನೋಡ್ತಾ ನಿಲ್ಲೋಣ ಅನಿಸುತ್ತೆ. ಅಷ್ಟರಲ್ಲಿ ಹೊಳೆ ಕಡೆಯಿಂದ ಗಾಳಿ ಏಳುತ್ತೆ. ಒದ್ದೆ ಬನಿಯನ್ ಮೇಲೆ ಆ ಗಾಳಿ ಬಿದ್ದ ತಕ್ಷಣ ಬೆನ್ನ ಮೇಲೆ ತಣ್ಣೀರು ಸುರಿದ ಹಾಗೆ. ಎರಡು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತೆ. 15 ಡಿಗ್ರಿಯಲ್ಲಿ!

ಇದರ ಲೆಕ್ಕ ಸುಲಭ. ಸುಮ್ಮನೆ ಕೂತಾಗ ನಮ್ಮ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತೆ, ಹಳೇ ಕಾಲದ ಒಂದು ಬಲ್ಬಿನಷ್ಟು. ಓಡುವಾಗ ಅದು ಎಷ್ಟೋ ಪಟ್ಟು ಏರುತ್ತೆ. ಅದನ್ನು ಹೊರಗೆ ಹಾಕೋಕೆ ಬೆವರು ಬರುತ್ತೆ. ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 580 ಕ್ಯಾಲರಿ ಶಾಖ ಎಳ್ಕೊಂಡು ಹೋಗುತ್ತೆ. ಇದು ಊಟದ ಲೆಕ್ಕದ ಕ್ಯಾಲರಿಯಲ್ಲ, ಅದರ ಸಾವಿರದಲ್ಲೊಂದು ಭಾಗದ ಸಣ್ಣ ಕ್ಯಾಲರಿ. ಆದರೂ ಬನಿಯನ್‌ನಲ್ಲಿ ನೂರು, ನೂರೈವತ್ತು ಗ್ರಾಂ ಬೆವರು ನಿಂತಿರುತ್ತೆ ಅಲ್ವಾ? ನಾವು ನಿಂತ ತಕ್ಷಣ ಒಲೆ ಆರುತ್ತೆ, ಬೆವರು ಮಾತ್ರ ತನ್ನ ಕೆಲಸ ನಿಲ್ಲಿಸೋದಿಲ್ಲ. ಗಾಳಿ ಬಂದರೆ ಇನ್ನೂ ಬೇಗ ಮಾಡುತ್ತೆ. ಮಡಿಕೆ ನೀರು ತಣ್ಣಗಾಗೋದು ಹೀಗೇ.

ಹಾಗಾಗಿ ನಮಗೆ ಬೇಕಾದ ಜರ್ಕಿನ್ ಹಿಮಾಲಯದ ಜರ್ಕಿನ್ ಅಲ್ಲ. ಬೆಚ್ಚಗಿಡೋ ಹತ್ತಿಯೋ ಗರಿಯೋ ಒಳಗೆ ಬೇಡ. ಒಂದು ಪದರ ತೆಳ್ಳನೆ ಬಟ್ಟೆ ಸಾಕು. ಗಾಳಿಯ ಹೊಡೆತ ಮುರಿಯಬೇಕು, ಬೆವರು ಒಳಗೇ ಕೂರಬಾರದು. ಈ ಎರಡನೇ ಮಾತು ನನಗೆ ಅರ್ಥವಾಗೋಕೆ ಒಂದು ಪೂರ್ತಿ ಚಳಿಗಾಲ ಹಿಡೀತು.

ಮೊದಲನೇ ಸಲ ತಗೊಂಡದ್ದು ನೂರಕ್ಕೆ ನೂರು ಗಾಳಿ ತಡೆಯುತ್ತೆ ಅಂತ ಚೀಟಿ ಹಾಕಿದ್ದ ಒಂದು ವಿಂಡ್‌ಚೀಟರ್. ಅಂಗಡಿಯವರು ಮೇಲೆ ನೀರು ಹಾಕಿ ತೋರಿಸಿದರು. ಹನಿ ಮುತ್ತಿನ ಹಾಗೆ ಉರುಳಿ ಹೋಯ್ತು. ಇದಕ್ಕಿಂತ ಏನು ಬೇಕು ಅನಿಸಿ ತಗೊಂಡೆ. ಮಾರನೇ ದಿನ ಗದಗ ರಸ್ತೆಯಲ್ಲಿ ಓಡಿದೆ. ಮೂರನೇ ಕಿಲೋಮೀಟರಿಗೆ ತೋಳಿನೊಳಗೆ ನೀರು ಹರಿಯೋಕೆ ಶುರು. ಆರನೇ ಕಿಲೋಮೀಟರಿಗೆ ನಿಲ್ಲಿಸಿ ತೆಗೆದೆ. ಒಳಮೈ ತಿರುಗಿಸಿದರೆ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಹನಿ ಹನಿ. ತೆಗೆದ ಮರುಕ್ಷಣ ಗಾಳಿ ತಾಕಿತು. ಜರ್ಕಿನ್ ಇಲ್ಲದೆ ಓಡಿದ್ದರೆ ಅಷ್ಟು ಒದ್ದೆಯಾಗ್ತಿರಲಿಲ್ಲ, ಅಷ್ಟು ಚಳಿಯೂ ಆಗ್ತಿರಲಿಲ್ಲ. ಆಮೇಲೆ ಗಮನಿಸಿದೆ. ಬಟ್ಟೆಯ ಒಳಬದಿಗೆ ಪ್ಲಾಸ್ಟಿಕ್ಕಿನ ತೆಳು ಲೇಪ ಇತ್ತು. ಹೊರಗಿನ ಗಾಳಿ ಒಳಗೆ ಬರಲ್ಲ ಅಂದಮೇಲೆ ಒಳಗಿನ ಆವಿ ಹೊರಗೆ ಹೋಗೋದು ಎಲ್ಲಿಂದ?

ಆವಾಗಿಂದ ಬಟ್ಟೆಯ ಬಗ್ಗೆ ಓದೋಕೆ ಶುರುಮಾಡಿದೆ. ಮಾವನ ಮನೆಯಲ್ಲಿ ಬೇಸಿಗೆ ರಜೆ ಕಳೆದವನು ನಾನು. ಡೆನಿಮ್ಮಿನ ನೀಲಿ ಬೆರಳಿಗೆ ಹತ್ತಿದರೆ ಎಷ್ಟು ತೊಳೆದರೂ ಹೋಗಲ್ಲ ಅನ್ನೋದು ಗೊತ್ತು. ಮಾವ ಬಟ್ಟೆಯನ್ನು ಔನ್ಸ್ ಲೆಕ್ಕದಲ್ಲಿ ಹೇಳ್ತಾರೆ. ಹನ್ನೆರಡು ಔನ್ಸ್, ಹದಿನಾಲ್ಕು ಔನ್ಸ್ ಅಂತ. ಒಂದು ಚದರ ಗಜ ಬಟ್ಟೆಯ ತೂಕ ಅದು. ಹದಿನಾಲ್ಕು ಔನ್ಸಿನ ಡೆನಿಮ್ ಅಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. ನನ್ನ ಈಗಿನ ಜರ್ಕಿನ್ ಬಟ್ಟೆ ಚದರ ಮೀಟರಿಗೆ 40 ಗ್ರಾಂ. ಹನ್ನೆರಡು ಪಟ್ಟು ಹಗುರ! ಮಾವ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದರಲ್ಲಿ ತಪ್ಪೇನಿದೆ.

ಜರ್ಕಿನ್ ಲೋಕದಲ್ಲಿ ಇನ್ನೊಂದು ಅಳತೆ ಇದೆ, ಡೆನಿಯರ್ ಅಂತ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೋ ಅಷ್ಟು ಡೆನಿಯರ್. ಒಂಬತ್ತು ಕಿಲೋಮೀಟರ್ ಅಂದರೆ ನಾನು ದಿನಾ ಓಡೋ ದೂರ. ನನ್ನ ಜರ್ಕಿನ್ 20 ಡೆನಿಯರಿನದು. ಅದರ ಒಂದೇ ಒಂದು ಎಳೆಯನ್ನು ನಾನು ಓಡುವ ದಾರಿಯುದ್ದಕ್ಕೂ ಹಾಸಿದರೆ ಅದರ ತೂಕ ಬರೀ 20 ಗ್ರಾಂ. 10 ಡೆನಿಯರ್, 7 ಡೆನಿಯರಿನವೂ ಸಿಗ್ತವೆ. ಅವು ಮುಷ್ಟಿಯೊಳಗೆ ಮಾಯವಾಗ್ತವೆ. ಬರೀ ಓಡೋರಿಗೆ ಸರಿ. ನಮ್ಮ ಕಲ್ಲಿಗೆ ಅವು ತಾಳೋದಿಲ್ಲ, ಅದನ್ನು ಆಮೇಲೆ ಹೇಳ್ತೀನಿ.

ಇಷ್ಟು ತೆಳ್ಳಗಿದ್ದೂ ಗಾಳಿ ತಡೆಯೋದು ಹೇಗೆ? ನೈಲಾನ್ ಬಟ್ಟೆ ನೇಯ್ದ ಮೇಲೆ ಬಿಸಿ ಉರುಳೆಗಳ ನಡುವೆ ಒತ್ತಿ ಹಾಯಿಸುತ್ತಾರೆ. ದುಂಡಗಿದ್ದ ಎಳೆಗಳು ಚಪ್ಪಟೆಯಾಗಿ ಅಕ್ಕಪಕ್ಕದ ಸಂದು ಮುಚ್ಚುತ್ತವೆ. ಇದಕ್ಕೆ ಕ್ಯಾಲೆಂಡರಿಂಗ್ ಅಂತಾರೆ. ಹೊಳಪು ಬರೋದೂ ಅದರಿಂದಲೇ. ಓದಿದಾಗ ನನಗೆ ನೆನಪಾದದ್ದು ಕಂಬಳಿ. ನಮ್ಮ ಕಡೆ ಕುರುಬರು ನೇಯುವ ಕರೀ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕ್ತಾರೆ. ನೂಲು ಗಡುಸಾಗುತ್ತೆ, ಎಳೆ ಎಳೆ ಅಂಟಿ ಕೂರುತ್ತೆ. ಅದನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಕುರಿ ಹಿಂದೆ ನಿಂತವರಿಗೆ ಯಾವ ಗಾಳಿಯೂ ತಾಕಲ್ಲ, ತುಂತುರು ಮಳೆಯೂ ತಾಕಲ್ಲ. ಆ ಕಂಬಳಿ ಹೊದ್ದು ಓಡೋಕಾಗಲ್ಲ, ಅಷ್ಟೇ. ಸಂದು ಮುಚ್ಚೋದು, ಆದರೆ ಉಸಿರಾಡೋಕೆ ಒಂದಿಷ್ಟು ಬಿಡೋದು. ಎರಡೂ ಕಡೆ ನೇಕಾರರ ಲೆಕ್ಕ ಒಂದೇ.

ಎಷ್ಟು ಬಿಡಬೇಕು ಅನ್ನೋದೇ ಜರ್ಕಿನ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ. ಇದಕ್ಕೆ ಸಿಎಫ್‌ಎಂ ಅನ್ನೋ ಅಳತೆ ಇದೆ. ಒಂದು ಚದರ ಅಡಿ ಬಟ್ಟೆಯ ಮೂಲಕ ಒಂದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾಯುತ್ತೆ ಅನ್ನೋದು. 5ಕ್ಕಿಂತ ಕಮ್ಮಿ ಇದ್ದರೆ ಹೆಚ್ಚುಕಮ್ಮಿ ಪೂರ್ತಿ ಬಂದ್. 30, 40, 60 ಇದ್ದರೆ ಬಟ್ಟೆ ಉಸಿರಾಡುತ್ತೆ. ಬಹಳ ಕಂಪನಿಗಳು ಈ ಅಂಕಿಯನ್ನು ಚೀಟಿಯ ಮೇಲೆ ಹಾಕೋದೇ ಇಲ್ಲ. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಬಟ್ಟೆಯನ್ನು ಒಂದೇ ಪದರ ಮಾಡಿ ತುಟಿಗೆ ಗಟ್ಟಿಯಾಗಿ ಒತ್ತಿಕೊಂಡು ಊದಿ, ಆಚೆ ಕಡೆ ಅಂಗೈ ಹಿಡೀರಿ. ಕೆನ್ನೆ ಉಬ್ಬಿ ಉಸಿರು ವಾಪಸ್ ಬಂದರೆ ಅದು ಬೈಕಿಗೆ ಸರಿ, ಓಟಕ್ಕೆ ಬೇಡ. ಸ್ವಲ್ಪ ಕಷ್ಟಪಟ್ಟು ಊದಿದರೆ ಅಂಗೈಗೆ ಬೆಚ್ಚನೆ ಉಸಿರು ತಾಕಿದರೆ ಅದನ್ನು ಕೆಳಗಿಡಬೇಡಿ. ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಹೀಗೆ ಏಳು ಜರ್ಕಿನ್ ಊದಿ ನೋಡಿ ಇದನ್ನು ತಂದೆ. ಮಾಸ್ಕ್ ಮೇಲಿಂದ ಊದಿದರೂ ಗೊತ್ತಾಗುತ್ತೆ, ಅಂಗಡಿಯವರಿಗೂ ಬೇಸರ ಇರಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಒಂದಿಷ್ಟು ಗಾಳಿ ಸೋರುವ ಜರ್ಕಿನ್ ತಗೊಳ್ಳಿ. ಪೂರ್ತಿ ಗಾಳಿ ತಡೆಯೋದನ್ನು ತಗೊಂಡರೆ ವರ್ಷದಲ್ಲಿ ನಾಲ್ಕು ದಿನ ಹಾಕ್ತೀರಿ. ಸೋರುವುದನ್ನು ತಗೊಂಡರೆ ಚಳಿಗಾಲ ಪೂರ್ತಿ ಮತ್ತು ಆಷಾಢ ಪೂರ್ತಿ ಹಾಕ್ತೀರಿ.

ಆಷಾಢ ಅಂದರೆ ನಮ್ಮ ಕಡೆ ಗಾಳಿ ಕಾಲ. ಯಲಬುರ್ಗಾ, ಕುಕನೂರು ಕಡೆ ಹೊಲಗಳ ನಡುವೆ ಸಾಲುಸಾಲು ಗಾಳಿ ಫ್ಯಾನ್ ನಿಲ್ಲಿಸಿದ್ದಾರಲ್ಲ, ಸುಮ್ನೆ ನಿಲ್ಲಿಸಿಲ್ಲ. ಪಶ್ಚಿಮದಿಂದ ಬರೋ ಗಾಳಿ ಎದೆಗೆ ಒರಗಿ ನಿಂತ ಹಾಗಿರುತ್ತೆ. ಆಗ ಚಳಿ ಜಾಸ್ತಿ ಇರಲ್ಲ. ಆದರೆ ಎಲ್ಲಿಂದಲೋ ಬಂದ ತುಂತುರು, ಅದರ ಮೇಲೆ ಈ ಗಾಳಿ. ಆ ದಿನಗಳಲ್ಲಿ ನಾನು ಮೊದಲು ಗದಗ ರಸ್ತೆ ಹಿಡಿದು ಗಾಳಿಗೆ ಎದುರಾಗಿ ಓಡ್ತೀನಿ, ಜಿಪ್ ಮೇಲೆವರೆಗೂ ಹಾಕಿರ್ತೀನಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ 20 ಕಿಲೋಮೀಟರ್ ಗಾಳಿಗೆ ಎದುರು ಓಡಿದರೆ ಮೈಗೆ ಬಡಿಯೋದು 30ರ ಗಾಳಿ. ತಿರುಗಿ ಊರ ಕಡೆ ಬರುವಾಗ ಗಾಳಿ ಬೆನ್ನಿಗೆ ಬರುತ್ತೆ. ಈಗ ಬಡಿಯೋದು ಬರೀ 10, ಅದೂ ಹಿಂದಿನಿಂದ. ಜರ್ಕಿನ್ ತೆಗೆದು ಅದರದ್ದೇ ಜೇಬಿಗೆ ತುರುಕಿ ಕೈಯಲ್ಲಿ ಹಿಡೀತೀನಿ. ಉಲ್ಟಾ ಮಾಡಿದರೆ, ಅಂದರೆ ಹೋಗುವಾಗ ಬೆನ್ನಗಾಳಿ ಬರುವಾಗ ಎದುರುಗಾಳಿ ಆದರೆ, ಬೆವತ ಮೈಯಲ್ಲಿ ಗಾಳಿಗೆ ಸಿಕ್ಕಿಕೊಳ್ತೀರಿ. ಶೀತ ಗ್ಯಾರಂಟಿ ಅಂತ ನಮ್ಮವ್ವ ಹೇಳ್ತಾಳೆ.

ಹೀಗೆ ಹಾಕೋದು, ಬಿಚ್ಚೋದು ಇರೋದರಿಂದ ಪೂರ್ತಿ ಉದ್ದದ ಜಿಪ್ ಬೇಕು. ಅರ್ಧ ಜಿಪ್ಪಿನದು ಹತ್ತು ಹದಿನೈದು ಗ್ರಾಂ ಹಗುರ ಇರಬಹುದು. ಆದರೆ ಓಡ್ತಾ ಓಡ್ತಾ ತಲೆ ಮೇಲಿಂದ ತೆಗೆಯೋದು ಕಷ್ಟ. ಎದೆ ತೆರೆದಿಟ್ಟು ಓಡೋ ಸುಖವೂ ಸಿಗಲ್ಲ.

ಈಗ ಕಲ್ಲಿನ ಮಾತು. ಸಾಣಾಪುರ, ಆನೆಗೊಂದಿ, ಹಂಪಿ ಸುತ್ತಲಿನ ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ದೇಶವಿದೇಶದಿಂದ ಹತ್ತೋರು ಬರೋದು ನವೆಂಬರ್‌ನಿಂದ ಫೆಬ್ರವರಿವರೆಗೆ. ಕಾರಣ ಏನು ಗೊತ್ತಾ? ತಣ್ಣಗಿದ್ದಾಗ ಕಲ್ಲು ಹಿಡಿಯುತ್ತೆ. ಬಿಸಿಲಿಗೆ ಬೆರಳು ಬೆವತರೆ ಚಾಕ್ ಪುಡಿ ಹಚ್ಚಿದರೂ ಜಾರುತ್ತೆ. ಆದ್ದರಿಂದ ಸೂರ್ಯ ಹುಟ್ಟೋ ಮುಂಚೆ ಅಲ್ಲಿರಬೇಕು. ಕಲ್ಲು ತಣ್ಣಗಿರಬೇಕು, ಮೈ ಮಾತ್ರ ಬೆಚ್ಚಗಿರಬೇಕು. ಮೈ ತಣ್ಣಗಾದರೆ ದೇಹ ಮೊದಲು ರಕ್ತ ವಾಪಸ್ ತಗೊಳ್ಳೋದೇ ಬೆರಳಿನಿಂದ. ಮರಗಟ್ಟಿದ ಬೆರಳಿಗೆ ಹಿಡಿತ ಸಿಕ್ಕಿತೋ ಇಲ್ಲವೋ ಅನ್ನೋದೇ ತಿಳಿಯಲ್ಲ.

ಹಗ್ಗವಿಲ್ಲದೆ ಗಿಡ್ಡ ಬಂಡೆ ಹತ್ತೋ ಈ ಬೌಲ್ಡರಿಂಗ್ ಅಂದರೆ ಒಂದು ನಿಮಿಷ ಹತ್ತೋದು, ಐದು ನಿಮಿಷ ಕೂರೋದು. ಹತ್ತುವಾಗ ಜರ್ಕಿನ್ ಬೇಡ. ಕೂರುವಾಗ ಬೇಕು. ಸಾಣಾಪುರ ಕೆರೆ ಮೇಲಿಂದ ಬರೋ ಗಾಳಿ ಕಲ್ಲಿನ ಸಂದುಗಳಲ್ಲಿ ನುಗ್ಗಿ ಇನ್ನಷ್ಟು ಜೋರಾಗುತ್ತೆ. ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸೋ ಕ್ರ್ಯಾಶ್ ಪ್ಯಾಡ್ ಮೇಲೆ ಮಂಡಿ ಎದೆಗೆ ಎಳೆದುಕೊಂಡು, ಜರ್ಕಿನ್ ಟೊಪ್ಪಿಗೆ ತಲೆಗೆ ಹಾಕಿ, ಬೆರಳು ಕಂಕುಳಲ್ಲಿ ಇಟ್ಟುಕೊಂಡು ಮುಂದಿನ ಸರದಿಗೆ ಕಾಯೋ ಆ ಐದು ನಿಮಿಷ ನನಗೆ ತುಂಬಾ ಇಷ್ಟ. ತೆಳ್ಳನೆ ಬಟ್ಟೆಯೊಳಗೆ ನಮ್ಮದೇ ಮೈಯ ಬಿಸಿ ನಿಧಾನಕ್ಕೆ ತುಂಬಿಕೊಳ್ಳುತ್ತೆ. ಬೆನ್ನು ಒಣಗ್ತಾ ಇರೋದು ಗೊತ್ತಾಗುತ್ತೆ. ಈ ಕೆಲಸಕ್ಕೆ ನೂರಿಪ್ಪತ್ತು ಗ್ರಾಂ ಬಟ್ಟೆ ಸಾಕು ಅನ್ನೋದು ಇವತ್ತಿಗೂ ನನಗೆ ಆಶ್ಚರ್ಯ.

ಬಾದಾಮಿಗೆ ಹೋಗಿ ಹಗ್ಗ ಕಟ್ಟಿ ಹತ್ತುವಾಗ ಬೇಡಿಕೆ ಬೇರೆ. ಸೊಂಟಕ್ಕೆ ಹಾರ್ನೆಸ್, ಅಂದರೆ ಹಗ್ಗ ಸೇರಿಸೋ ಪಟ್ಟಿ, ಇರುತ್ತೆ. ಪಕ್ಕದ ಜೇಬುಗಳೆಲ್ಲ ಅದರ ಪಟ್ಟಿ ಕೆಳಗೆ ಹೋಗಿ ದಂಡವಾಗ್ತವೆ. ಎದೆ ಮೇಲೆ ಒಂದು ಜೇಬು ಇದ್ದರೆ ಸಾಕು. ಜರ್ಕಿನ್ ಆ ಜೇಬಿನೊಳಗೇ ಮಡಚಿ ಸೇರುವಂತಿರಬೇಕು, ಒಂದು ಸಣ್ಣ ಕುಣಿಕೆ ಇದ್ದರೆ ಹಾರ್ನೆಸ್ಸಿಗೆ ತೂಗುಹಾಕಬಹುದು. ಇನ್ನು ಉದ್ದ. ಅಂಗಡಿಯಲ್ಲಿ ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತರೆ ಎಲ್ಲಾ ಜರ್ಕಿನ್ನೂ ಚೆನ್ನಾಗೇ ಕಾಣುತ್ತೆ. ಎರಡೂ ಕೈ ಎತ್ತಿ, ಮೇಲಿನ ಹಿಡಿತಕ್ಕೆ ಚಾಚಿದ ಹಾಗೆ. ಅಂಚು ಹೊಕ್ಕಳಿಗಿಂತ ಮೇಲೆ ಬಂದರೆ ಅಲ್ಲೇ ಬಿಡಿ. ಅದು ಹಾರ್ನೆಸ್ಸಿನಿಂದ ಹೊರಬಂದು ಎದೆ ಹತ್ತಿರ ಗುಡ್ಡೆಯಾಗುತ್ತೆ, ಕಾಲಿಡೋ ಜಾಗವೇ ಕಾಣಲ್ಲ. ಮುಂಗೈಗೆ ಎಲಾಸ್ಟಿಕ್ ಇರಲಿ. ಮೊಣಕೈವರೆಗೆ ತಳ್ಳಿದರೆ ನಿಲ್ಲುತ್ತೆ. ವೆಲ್ಕ್ರೋ ಬೇಡ, ಅದಕ್ಕೆ ಚಾಕ್ ಪುಡಿ ಹೊಕ್ಕು ಹತ್ತು ದಿನಕ್ಕೆ ಹಿಡಿಯೋದೇ ನಿಲ್ಲಿಸುತ್ತೆ.

ಟೊಪ್ಪಿಗೆ ಬಗ್ಗೆ ಗೆಳೆಯರಲ್ಲೇ ಜಗಳ ಇದೆ. ಓಡುವಾಗ ಅದು ಬೆನ್ನ ಹಿಂದೆ ಪಟಪಟ ಬಡ್ಕೊಳ್ಳುತ್ತೆ, ಬೇಡ ಅಂತಾರೆ. ನನಗೆ ಬೇಕು. ಕಿವಿಗೆ ಗಾಳಿ ಹೊಕ್ಕರೆ ನನಗೆ ತಲೆನೋವು ಬರುತ್ತೆ. ತಲೆಗೆ ಅಂಟಿಕೊಂಡು ಕೂರುವ, ಹೆಲ್ಮೆಟ್ ಕೆಳಗೆ ಹೋಗುವ ಸಣ್ಣ ಟೊಪ್ಪಿಗೆ ಆರಿಸಿದೆ. ಓಡುವಾಗ ಸುರುಳಿ ಸುತ್ತಿ ಕಾಲರ್ ಒಳಗೆ ತೂರಿಸ್ತೀನಿ.

ಬಣ್ಣ ಗಾಢ ಹಳದಿ. ಲಾರಿ ರಸ್ತೆಯಲ್ಲಿ ಕತ್ತಲಲ್ಲಿ ಓಡೋನಿಗೆ ಬೇರೆ ಬಣ್ಣ ಬೇಡವೇ ಬೇಡ.

ತೋಳು ಹರಿದದ್ದು ಇಳಿಯುವಾಗ. ಹತ್ತೋದು ಮುಗಿದು ಬಂಡೆಯ ಹಿಂದಿನ ಸಂದಿನಿಂದ ಜಾರಿಕೊಂಡು ಬರ್ತಿದ್ದೆ, ಜರ್ಕಿನ್ ಹಾಕೇ ಇದ್ದೆ. ನಮ್ಮ ಗ್ರಾನೈಟಿನ ಹರಳು ಕಲ್ಲುಸಕ್ಕರೆ ತುಂಡಿನ ಹಾಗೆ ಚೂಪು. ಸರ್ರ್ ಅಂತ ಒಂದು ಸದ್ದು, ಮೊಣಕೈ ಹತ್ತಿರ ನಾಲ್ಕು ಬೆರಳು ಉದ್ದ. ನೋಡಿದರೆ ಸೀಳು ಚೌಕದ ಗೆರೆಗೆ ಬಂದು ನಿಂತಿತ್ತು. ಬಟ್ಟೆಯಲ್ಲಿ ಸಣ್ಣ ಸಣ್ಣ ಚೌಕ ಕಾಣುತ್ತಲ್ಲ, ಅಲ್ಲಿ ದಪ್ಪ ಎಳೆ ನೇಯ್ದಿರ್ತಾರೆ. ರಿಪ್‌ಸ್ಟಾಪ್ ಅಂತ ಹೆಸರು. ಎರಡನೇ ಮಹಾಯುದ್ಧದ ಪ್ಯಾರಾಚೂಟ್‌ಗಳ ಕಾಲದಿಂದ ಬಂದ ಉಪಾಯ. ಆ ಗೆರೆ ಇರದಿದ್ದರೆ ತೋಳು ಭುಜದವರೆಗೂ ಬಿಚ್ಚಿಕೊಳ್ತಿತ್ತು. 7 ಡೆನಿಯರಿನದಾಗಿದ್ದರೆ ಹೊಲಿಯೋಕೂ ಏನೂ ಉಳೀತಿರಲಿಲ್ಲ.

ಮಾವನ ಮೆಷಿನ್‌ನಲ್ಲಿ ಇದ್ದದ್ದು ಹದಿನೆಂಟನೇ ನಂಬರ್ ಸೂಜಿ. "ಇದರಾಗ ಹೊಲಿದ್ರೆ ಒಂದೊಂದು ತೂತೂ ಕಿಟಕಿ ಆಗತೈತಿ" ಅಂದರು. ಡಬ್ಬಿ ಹುಡುಕಿ ಒಂಬತ್ತನೇ ನಂಬರ್ ಸೂಜಿ ತೆಗೆದರು. ಅತ್ತೆಯ ರೇಷ್ಮೆ ಕುಪ್ಪಸ ಹೊಲಿಯೋ ಸೂಜಿ ಅದು. ತೆಳ್ಳನೆ ಪಾಲಿಯೆಸ್ಟರ್ ದಾರ ಹಾಕಿದರು. ಬಟ್ಟೆ ಮೆಷಿನ್ನಿನ ಹಲ್ಲಿಗೆ ಸಿಗದೆ ಜಾರ್ತಾ ಇತ್ತು. ಕೆಳಗೆ ನ್ಯೂಸ್‌ಪೇಪರ್ ಚೂರು ಇಟ್ಟು ಅದರ ಸಮೇತ ಹೊಲಿದು, ಆಮೇಲೆ ಪೇಪರನ್ನು ನಿಧಾನಕ್ಕೆ ಹರಿದು ತೆಗೆದರು. ದಿನಕ್ಕೆ ನೂರಾರು ಡೆನಿಮ್ ಕಾಲು ಜೋಡಿಸೋ ಆ ದಪ್ಪ ಬೆರಳುಗಳು ಆ ಹೊತ್ತು ಉಸಿರು ಬಿಗಿಹಿಡಿದ ಹಾಗೆ ಓಡಾಡಿದವು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಈಗ ಆ ಹೊಲಿಗೆ ಇರುವ ತೋಳನ್ನು ಮೊದಲು ತೂರಿಸಿಕೊಳ್ಳೋದು ನನಗೆ ಅಭ್ಯಾಸವಾಗಿದೆ.

ಹೊಲಿಯುತ್ತಾ ಮಾವ ಕೇಳಿದರು, "ಇದೆಲ್ಲ ಹತ್ಯಾಗ ಆಗಂಗಿಲ್ಲೇನು?" ಹತ್ತಿ ಬೆಳೆಯೋ ಸೀಮೆಯವರು ಕೇಳಲೇಬೇಕಾದ ಪ್ರಶ್ನೆ. ಆಗುತ್ತೆ ಮಾವ, ಆಗಿದೆ ಅಂದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ವೆಂಟೈಲ್ ಅನ್ನೋ ಹತ್ತಿ ಬಟ್ಟೆ ಮಾಡಿದರು, ತಣ್ಣನೆ ಸಮುದ್ರಕ್ಕೆ ಬೀಳುವ ವಿಮಾನ ಚಾಲಕರನ್ನು ಉಳಿಸೋಕೆ. ಉದ್ದ ಎಳೆಯ ಹತ್ತಿಯನ್ನು ಬಹಳ ಒತ್ತಾಗಿ ನೇಯ್ತಾರೆ. ಒದ್ದೆಯಾದರೆ ಎಳೆ ಉಬ್ಬಿ ಸಂದು ತಾನಾಗೇ ಮುಚ್ಚಿಕೊಳ್ಳುತ್ತೆ. ಒಣಗಿದ್ದಾಗ ಉಸಿರಾಡುತ್ತೆ. ಆದರೆ ಭಾರ, ಒಣಗೋದೂ ನಿಧಾನ. ಓಡೋನಿಗೆ ಆಗಲ್ಲ. ಮಾವ ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡರು. ಎಳೆ ಉಬ್ಬೋ ಮಾತು ಅವರಿಗೆ ಬಹಳ ಹಿಡಿಸಿತು.

ತೊಳೆಯೋ ಬಗ್ಗೆ ಒಂದು ಮಾತು. ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳು, ನಮ್ಮೂರ ಸುತ್ತಿನ ಕಾರ್ಖಾನೆಗಳ ಕಪ್ಪು ಬೂದಿ, ಎರಡೂ ಈ ಬಟ್ಟೆಯ ಸಂದಿನಲ್ಲಿ ಕೂರ್ತವೆ. ಬೆವರಿನ ಉಪ್ಪೂ ಸೇರಿದರೆ ಬಟ್ಟೆ ಉಸಿರು ಕಟ್ಟುತ್ತೆ, ನೀರು ಉರುಳಿ ಹೋಗೋ ಬದಲು ಇಂಗೋಕೆ ಶುರುವಾಗುತ್ತೆ. ಎರಡು ವಾರಕ್ಕೊಮ್ಮೆ ತಣ್ಣೀರಲ್ಲಿ ಮೆತ್ತನೆ ಸೋಪು ಹಾಕಿ ಕೈಯಲ್ಲೇ ಜಾಲಿಸಿ. ಬ್ರಷ್ ಹಾಕಿ ಉಜ್ಜಬೇಡಿ, ಸುವಾಸನೆಯ ಕಂಡೀಷನರ್ ಬೇಡ. ನೆರಳಲ್ಲಿ ಒಣಗಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ತಂತಿ ಮೇಲೆ ಬಿಟ್ಟರೆ ನೈಲಾನ್ ಬೇಗ ಬಡಕಲಾಗುತ್ತೆ.

ಈ ಸಂಕ್ರಾಂತಿ ಆದ ಮೇಲೆ ಮಾವ ಫೋನ್ ಮಾಡಿದರು. ಬೆಂಗಳೂರಿನಿಂದ ಬಂದ ವ್ಯಾಪಾರಿಯ ಹತ್ತಿರ ಚೌಕದ ಗೆರೆ ಇರುವ ನೈಲಾನ್ ಬಟ್ಟೆ ಎರಡು ಮೀಟರ್ ಸಿಕ್ಕಿದೆಯಂತೆ. ತುಟಿಗಿಟ್ಟು ಊದಿ ನೋಡಿದರಂತೆ, ಅಂಗೈಗೆ ಉಸಿರು ತಾಕಿತಂತೆ. ಕಂಕುಳ ಕೆಳಗೆ ಹೊಲಿಗೆಗಳು ಒಂದೇ ಕಡೆ ಕೂಡಬಾರದು, ಕೈ ಎತ್ತಿದರೆ ಅಲ್ಲೇ ಬಿಚ್ಚುತ್ತೆ, ಅಲ್ಲಿಗೆ ಒಂದು ವಜ್ರದಾಕಾರದ ತುಂಡು ಕೂರಿಸ್ತೀನಿ ಅಂದರು. ಜೀನ್ಸ್ ಪ್ಯಾಂಟಿನ ಕವಲಿಗೆ ಹಾಕೋ ತುಂಡಿನದೇ ಲೆಕ್ಕವಂತೆ.

"ಅಳಿಯಾ, ಒಂದು ಕೆಲಸ ಮಾಡು. ಗ್ವಾಡಿಗೆ ಎದಿ ಹಚ್ಚಿ ನಿಂದ್ರು, ಎರಡೂ ಕೈ ಎಷ್ಟು ಮ್ಯಾಲ ಹೋಗ್ತಾವ ಅಷ್ಟು ಎತ್ತು. ಕಂಕುಳದಿಂದ ಸೊಂಟದ ತನಕ ಎಷ್ಟು ಬರತೈತಿ ಅಳತಿ ಹೇಳು."

ಫೋನ್ ಸ್ಪೀಕರ್‌ನಲ್ಲಿಟ್ಟು ಗೋಡೆಗೆ ಎದೆ ಹಚ್ಚಿ ನಿಂತೆ. ಅವ್ವ ಟೇಪು ಹಿಡಿದಳು.